ನಿಮಗಿದು ಗೊತ್ತೇ? ಶಾಸನದ ಸಿದ್ಧಮಾತು, ರೈಸ್ ಸಾಹೇಬರ ಇಂಗ್ಲಿಷು

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಸೀಮೆಯ ಕಲ್ಲುಬರಹವಾಗಲಿ, ಹಳೆಯ ಕ್ರಯಪತ್ರವಾಗಲಿ, ಕೆಲವು ಮಾತುಗಳು ಮತ್ತೆ ಮತ್ತೆ ಬರುತ್ತವೆ. ನಾವು ಕಣ್ಣಾಡಿಸಿ ದಾಟಿಬಿಡುವ ಸಾಲುಗಳಿವು. ಆದರೆ ಇವುಗಳಲ್ಲಿ ಒಂದೊಂದಕ್ಕೂ ಒಂದೊಂದು ಕೆಲಸವಿತ್ತು.

● ಈ ಸೀಮೆಯ ಶಾಸನಗಳನ್ನು ಒಟ್ಟುಮಾಡಿ ಇಂಗ್ಲಿಷ್ ಅನುವಾದದೊಂದಿಗೆ ಅಚ್ಚು ಹಾಕಿಸಿದವರು ಬಿ.ಎಲ್. ರೈಸ್. ಅದು 1898ರಲ್ಲಿ ಬಂದ ‘ಎಪಿಗ್ರಾಫಿಯಾ ಕರ್ನಾಟಿಕಾ’ದ 4ನೇ ಸಂಪುಟ. ರೈಸ್ ಹುಟ್ಟಿದ್ದು ವಿಲಾಯಿತಿಯಲ್ಲಲ್ಲ, 1837ರಲ್ಲಿ ನಮ್ಮ ಬೆಂಗಳೂರಿನಲ್ಲೇ!

● ಆ ಸಂಪುಟದಲ್ಲಿ ಕೆ.ಆರ್. ನಗರದ ಹೆಸರು ಹುಡುಕಿದರೆ ಸಿಗದು, ‘ಎಡತೊರೆ’ಯನ್ನು ನೋಡಬೇಕು. 1924ರಲ್ಲಿ ಕಾವೇರಿ ಉಕ್ಕಿ ಎಡತೊರೆಗೆ ನುಗ್ಗಿದ ಮೇಲೆ ಕಟ್ಟಿದ ಹೊಸ ಊರೇ ಕೃಷ್ಣರಾಜನಗರ.

● ಅರಸರು ‘ಸುಖಸಂಕಥಾವಿನೋದದಿಂ’ ರಾಜ್ಯವಾಳುತ್ತಿದ್ದರು ಎಂಬುದು ಶಾಸನಗಳ ಮಾಮೂಲಿ ಮಾತು. ರೈಸ್ ಇದನ್ನು ‘ಇನ್ ಪೀಸ್ ಅಂಡ್ ವಿಸ್ಡಮ್’ ಎಂದು ಇಂಗ್ಲಿಷಿಗೆ ತಂದರು. ಅದೇ ಮಾತು ಇನ್ನೊಬ್ಬ ಶಾಸನತಜ್ಞ ಜೆ.ಎಫ್. ಫ್ಲೀಟರ ಕೈಯಲ್ಲಿ ‘ಹಿತವಾದ ಮಾತುಕತೆಯ ಸಂತೋಷ’ವಾಯಿತು. ಒಬ್ಬರ ಅರಸ ಜ್ಞಾನಿ, ಇನ್ನೊಬ್ಬರ ಅರಸ ಹರಟೆಪ್ರಿಯ! ದಂಡು ಬೀಡುಬಿಟ್ಟ ಕಡೆಯಿಂದ ಹೊರಟ ಶಾಸನದಲ್ಲೂ ಈ ಮಾತು ತಪ್ಪುತ್ತಿರಲಿಲ್ಲ. ಆಗ ಯಾರ ಆಳ್ವಿಕೆ ಇತ್ತು ಎಂದು ಗುರುತು ಹಾಕುವುದಷ್ಟೇ ಇದರ ಕೆಲಸ. ಇದೊಂದನ್ನೇ ನಂಬಿ ಅದು ಶಾಂತಿಯ ಕಾಲವೆಂದು ಚರಿತ್ರೆ ಬರೆಯಹೊರಟರೆ ಎಡವುವುದು ಖಂಡಿತ.

● ಬಹಳಷ್ಟು ಶಾಸನ ಶುರುವಾಗುವುದು ‘ಸ್ವಸ್ತಿ’ಯಿಂದ. ರೈಸರ ಇಂಗ್ಲಿಷಿನಲ್ಲಿ ಅದು ‘ಬಿ ಇಟ್ ವೆಲ್’. ದಾನದ ಕಲ್ಲಿಗೂ ಅದೇ ಆರಂಭ, ದನ ಬಿಡಿಸಲು ಹೋಗಿ ಸತ್ತವನ ವೀರಗಲ್ಲಿಗೂ ಅದೇ ಆರಂಭ.

● ಸಿದ್ಧಮಾತಿನ ಚೌಕಟ್ಟನ್ನು ಮೀರಿದ ಕಲ್ಲೂ ಇಲ್ಲಿದೆ: ಎಚ್.ಡಿ. ಕೋಟೆ ತಾಲ್ಲೂಕಿನ ಬೆಳತೂರಿನ 1057ರ ಶಾಸನ. ನವಿಲೆನಾಡಿನ ಏಚ ಮಲ್ಲಯುದ್ಧದಲ್ಲಿ ಅರಸನ ದಾಯಾದಿಯನ್ನು ಕೊಂದ. ಅದಕ್ಕಾಗಿ ಏಚನನ್ನು ತಲಕಾಡಿಗೆ ಒಯ್ದು ಕೊಲ್ಲಿಸಿದರು. ಸುದ್ದಿ ಕೇಳಿದ ಹೆಂಡತಿ ದೇಕಬ್ಬೆ, ಹೆತ್ತವರು ತಡೆದರೂ ಕೇಳದೆ ಬೆಂಕಿಗೆ ಬಿದ್ದಳು. ಸಾಮಾನ್ಯ ಮಾಸ್ತಿಕಲ್ಲಿನಲ್ಲಿ ಬಳೆ ತೊಟ್ಟ ತೋಳೊಂದೇ ಎಲ್ಲವನ್ನೂ ಹೇಳಿ ಮುಗಿಸುತ್ತದೆ. ಇಲ್ಲಿ ಮಾತ್ರ ಅವಳ ಇಡೀ ಕಥೆ ಪದ್ಯವಾಗಿದೆ.

● ದಾನ ‘ಆಚಂದ್ರಾರ್ಕ’ ನಡೆಯಲಿ, ಎಂದರೆ ಸೂರ್ಯ ಚಂದ್ರ ಇರುವವರೆಗೂ. ಕಲ್ಲಿನ ನೆತ್ತಿಯ ಮೇಲೆ ಅರ್ಧಚಂದ್ರ, ಪಕ್ಕದಲ್ಲೇ ದುಂಡಗೆ ಸೂರ್ಯ ಇರುವುದು ಇದಕ್ಕೇ. ಅಕ್ಷರ ಬಾರದವನೂ ಆ ಸಾಲನ್ನು ಓದಿಕೊಳ್ಳಬಹುದಿತ್ತು.

● ದಾನ ಕೆಡಿಸಿದವನಿಗೆ ಗಂಗೆಯ ತಡಿಯಲ್ಲಿ ಕವಿಲೆ ಹಸು ಕೊಂದ ಪಾಪ, ಮೇಲೆ 60 ಸಾವಿರ ವರ್ಷ ಹೇಲಿನ ಹುಳುವಾಗಿ ಹುಟ್ಟುವ ಶಿಕ್ಷೆ. ಕವಿಲೆ ಇಂಗ್ಲಿಷಿನಲ್ಲಿ ‘ಟಾನಿ ಕೌ’ ಆಯಿತು. ದಾನದ ಜಮೀನಿಗೆ ಈ ಶಾಪವೂ ಒಂದು ಕಾವಲು.

● ಕೆ.ಆರ್. ನಗರ ಸೀಮೆಯ ಹನಸೋಗೆ ಜೈನರ ದೊಡ್ಡ ಕೇಂದ್ರವಾಗಿತ್ತು. ಅಲ್ಲಿನ ಬಸದಿಗಳನ್ನು ಸ್ಥಾಪಿಸಿದವನು ಶ್ರೀರಾಮ ಎನ್ನುತ್ತದೆ ಶಾಸನ! 11ನೇ ಶತಮಾನದ ಚಂಗಾಳ್ವ ದೊರೆ ತಾನು ಮಾಡಿಸಿದ ಜೀರ್ಣೋದ್ಧಾರಕ್ಕೆ ರಾಮನಿಂದಲೇ ದಾನಿಗಳ ಪರಂಪರೆ ಕಟ್ಟಿಸಿದ. ಆಸ್ತಿ ಯಾರಿಂದ ಯಾರಿಗೆ ಬಂತು ಎಂದು ಕ್ರಯಪತ್ರದಲ್ಲಿ ಬರೆಸುವುದು ಇದರ ಮುಂದುವರಿಕೆಯೇ ಸರಿ.

● ಕಂಪನಿ ಕಾಲದ ಇಂಗ್ಲಿಷ್ ಕಾಗದಗಳಲ್ಲಿ ಪಿರಿಯಾಪಟ್ಟಣ ‘ಪೆರಿಯಾಪಟಂ’. ಅದರ ಹತ್ತಿರ, ಕೊಡಗಿನ ಗಡಿಯ ಸಿದ್ಧೇಶ್ವರದಲ್ಲಿ 1799ರ ಮಾರ್ಚ್ 6ರಂದು ಟಿಪ್ಪುವಿನ ಸೇನೆ ಬಾಂಬೆ ಸೇನೆಯ ಮೇಲೆ ಬಿತ್ತು. ಆ ಜಾಗದ ಹೆಸರು ಬಾಂಬೆ ಪಲ್ಟಣಗಳ ಯುದ್ಧಗೌರವದ ಪಟ್ಟಿಗೆ ಸೇರಿದ್ದು ‘ಸೀಡಾಸೀರ್’ ಆಗಿ.

● ಮೈಸೂರು ಬ್ರಿಟಿಷ್ ಕಮಿಷನರರ ಕೈಯಲ್ಲಿದ್ದದ್ದು 1831ರಿಂದ 1881ರವರೆಗೆ. ಆ ಕಾಲದ ಸರ್ಕಾರಿ ಪತ್ರ ಮುಗಿಯುತ್ತಿದ್ದದ್ದು ‘ಯುವರ್ ಮೋಸ್ಟ್ ಒಬಿಡಿಯಂಟ್ ಸರ್ವೆಂಟ್’ ಎಂದೇ. ಕೋರಿಕೆಯನ್ನು ಸಾರಾಸಗಟಾಗಿ ತಳ್ಳಿಹಾಕಿದ ಪತ್ರದ ಕೊನೆಯಲ್ಲೂ ಅಷ್ಟೇ ವಿನಯ! ನಮ್ಮ ಮಕ್ಕಳು ರಜಾ ಅರ್ಜಿಯಲ್ಲಿ ಬರೆಯುವ ‘ತಮ್ಮ ವಿಧೇಯ ವಿದ್ಯಾರ್ಥಿ’ ಅದರ ಮೊಮ್ಮಗ.

● ‘ಅಷ್ಟಭೋಗ ತೇಜಸ್ವಾಮ್ಯ’ ಎಂದರೆ ನಿಧಿ, ನಿಕ್ಷೇಪ, ಜಲ, ಪಾಷಾಣ, ಅಕ್ಷೀಣಿ, ಆಗಾಮಿ, ಸಿದ್ಧ, ಸಾಧ್ಯ ಎಂಬ 8 ಹಕ್ಕು. ಹೂತ ಹೊನ್ನು, ಬಾವಿಯ ನೀರು, ನೆಲದ ಕಲ್ಲು, ಮುಂದೆ ಬರಬಹುದಾದ ಲಾಭ, ಎಲ್ಲವೂ ಸೇರಿತು. ವಿಜಯನಗರ ಕಾಲದ ದಾನಶಾಸನದಲ್ಲಿದ್ದ ಈ ಪಟ್ಟಿ ಅಜ್ಜನ ಕಾಲದ ಕ್ರಯಪತ್ರದವರೆಗೂ ಬಂದಿದೆ. ಇಂಗ್ಲಿಷ್ ಪತ್ರಗಳ ‘ಟು ಹ್ಯಾವ್ ಅಂಡ್ ಟು ಹೋಲ್ಡ್’ ಹೇಳುವುದೂ ಇಂಥದ್ದೇ ಅನುಭೋಗದ ಹಕ್ಕನ್ನು.

● ಹಳೆಯ ಪತ್ರದ ಕೊನೆಯಲ್ಲಿ ಕಾಣುವ ‘ಬಿಕ್ಕಲಂ’ ಯಾರದೋ ಹೆಸರಲ್ಲ. ಪಾರಸಿಯಿಂದ ಬಂದ ಇದಕ್ಕೆ ‘ಇಂಥವರ ಲೇಖನಿಯಿಂದ’ ಎಂದರ್ಥ. ತಕರಾರು ಬಂದರೆ ಬರೆದವನೂ ಸಿಗಬೇಕಲ್ಲ!

● ಎಲ್ಲಕ್ಕಿಂತ ಗಟ್ಟಿ ಮಾತು ಚೆಕ್ಕುಬಂದಿ. ಪೂರ್ವಕ್ಕೆ ಇಂಥವರ ಹೊಲ, ಪಶ್ಚಿಮಕ್ಕೆ ಓಣಿ, ಉತ್ತರಕ್ಕೆ ಹಳ್ಳ, ದಕ್ಷಿಣಕ್ಕೆ ಕೆರೆ ಏರಿ ಎಂದು ನಾಲ್ಕು ದಿಕ್ಕಿನ ಎಲ್ಲೆಯನ್ನು ಕಲ್ಲಿನಲ್ಲಿ ಕೊರೆಸುತ್ತಿದ್ದ ರೂಢಿಯೇ ಇಂದಿನ ನೋಂದಣಿ ಕಚೇರಿಯಲ್ಲೂ ನಡೆಯುತ್ತದೆ. ಪತ್ರದಲ್ಲಿ ಬೇರೆ ಯಾವ ಸಾಲು ಬಿಟ್ಟರೂ ಬಿಡಿ, ಚೆಕ್ಕುಬಂದಿ ಓದದೆ ಮಾತ್ರ ಸಹಿ ಹಾಕಬೇಡಿ.