ಮೇಕೆ ಕೊಟ್ಟರೆ ಸಾಕೇ?
ಘಟ್ಟದ ಮೇಲಿನ ಶಿಕಾರಿಪುರ, ಸೊರಬ ತಾಲೂಕುಗಳಲ್ಲಿ ಭತ್ತ, ಮೆಕ್ಕೆಜೋಳ, ಶುಂಠಿಯ ಕೂಲಿ ಹಂಗಾಮಿಗಷ್ಟೇ. ಹೊಲವಿಲ್ಲದವರು ಉಳಿದ ತಿಂಗಳು ಕೈಸಾಲದಲ್ಲಿ ದಿನ ದೂಡಬೇಕು. ವಾರದ ಉಳಿತಾಯ ಕಟ್ಟಲಾಗದ ಕಡುಬಡವರು ಸ್ವಸಹಾಯ ಸಂಘಕ್ಕೂ ಬರಲಾರರು. ನಾವು ಮೇಕೆ ಕೊಟ್ಟು, ಫೋಟೊ ತೆಗೆಸಿಕೊಂಡು ಹಿಂದಿರುಗುತ್ತೇವೆ; ಮನೆಯಲ್ಲಿ ಯಾರಾದರೂ ಹಾಸಿಗೆ ಹಿಡಿದರೆ ಮೇಕೆ ಸಂತೆಗೆ ಹೋಗುತ್ತದೆ.

ಬಾಂಗ್ಲಾದೇಶದ ಬ್ರ್ಯಾಕ್ ಸಂಸ್ಥೆ 2002ರಲ್ಲಿ ಆರಂಭಿಸಿದ ಕ್ರಮ ಬೇರೆ. ಆಡು-ಹಸುವಿನ ಜೊತೆಗೆ ಕೆಲವು ತಿಂಗಳ ಊಟದ ಖರ್ಚು, ಸಾಕಣೆಯ ತರಬೇತಿ, ಉಳಿತಾಯದ ರೂಢಿ, ಸುಮಾರು ಎರಡು ವರ್ಷ ತಪ್ಪದ ಮನೆಭೇಟಿ. ಭಾರತವೂ ಸೇರಿದಂತೆ ಆರು ದೇಶಗಳ ಅಧ್ಯಯನ 2015ರಲ್ಲಿ ಪ್ರಕಟವಾಯಿತು; ನೆರವು ನಿಂತು ವರ್ಷ ಕಳೆದರೂ ಹೆಚ್ಚಿನ ಕಡೆ ಆ ಕುಟುಂಬಗಳು ನೆರವು ಸಿಗದವರಿಗಿಂತ ಚೆನ್ನಾಗಿದ್ದವು.

ದುಬಾರಿಯಾಗುವುದು ಈ ಮನೆಭೇಟಿಯೇ. ನಮ್ಮ ಧರ್ಮಕೇಂದ್ರಗಳ ವಿನ್ಸೆಂಟ್ ಡಿ ಪೌಲ್ ಸಭೆಯವರಿಗೆ ಅದು ಹೊಸತೇನಲ್ಲ.