ಚಹಾ ಪೊಟ್ಟಣದ ಅಕ್ಷರಗಳು ಏನು ಹೇಳುತ್ತವೆ?

ಮನೆಗೆ ಅತಿಥಿಗಳು ಬಂದರೆ ಮೊದಲು ಒಲೆಗೇರುವುದು ಚಹಾದ ಪಾತ್ರೆ. ಅಕ್ಕಿಯನ್ನು ಅಂಗೈಗೆ ಹಾಕಿ ಪರೀಕ್ಷಿಸಿ ಕೊಳ್ಳುವ ನಾವು ಚಹಾಪುಡಿಯನ್ನು ಮಾತ್ರ ಪೊಟ್ಟಣದ ಚಿತ್ರ ನೋಡಿ ಕೊಳ್ಳುತ್ತೇವೆ. ಊಟಿ, ಮುನ್ನಾರ್‌ನಿಂದ ತಂದ ಅಥವಾ ಗಲ್ಫ್‌ನಿಂದ ಬಂಧುಗಳು ತಂದ ಡಬ್ಬಿಯ ಮೇಲೆ ಒ.ಪಿ., ಬಿ.ಒ.ಪಿ., ಡಸ್ಟ್ ಎಂದು ಬರೆದಿರುವುದನ್ನು ನೀವು ಗಮನಿಸಿರಬಹುದು. ಅವುಗಳ ಅರ್ಥವೇನು?

ಒಂದು ವಿಷಯ ನೆನಪಿಡಿ. ಈ ಅಕ್ಷರಗಳು ಮುಖ್ಯವಾಗಿ ತಿಳಿಸುವುದು ಎಲೆಯ ಗಾತ್ರವನ್ನು, ರುಚಿಯನ್ನಲ್ಲ. ಒಣಗಿಸಿದ ಚಹಾವನ್ನು ಜರಡಿಗಳಲ್ಲಿ ಸೋಸುತ್ತಾರೆ. ಮೇಲೆ ಉಳಿಯುವ ಇಡೀ ಎಲೆ ಆರೆಂಜ್ ಪೆಕೋ, ಅಂದರೆ ಒ.ಪಿ. ಇದರಲ್ಲಿ ಕಿತ್ತಳೆಯ ರುಚಿಯೇನೂ ಇಲ್ಲ! ಮುರಿದ ಎಲೆ ಬಿ.ಒ.ಪಿ., ಅದಕ್ಕಿಂತ ಚೂರಾದದ್ದು ಫ್ಯಾನಿಂಗ್ಸ್, ಕೊನೆಗೆ ಇಳಿಯುವ ನುಣ್ಣನೆಯ ಪುಡಿ ಡಸ್ಟ್. ಡಸ್ಟ್ ಎಂದರೆ ಕಸವೆಂದು ಭಾವಿಸಬೇಡಿ. ಅದು ಬೇಗನೆ ಗಾಢ ಬಣ್ಣ ಬಿಡುತ್ತದೆ, ಕಡಿಮೆ ಪುಡಿಯಲ್ಲಿ ಹೆಚ್ಚು ಕಪ್ ಚಹಾ ಆಗುತ್ತದೆ. ದಕ್ಷಿಣ ಭಾರತದ ಮನೆ ಮತ್ತು ಹೋಟೆಲುಗಳಲ್ಲಿ ಅದಕ್ಕೆ ಬೇಡಿಕೆ ಇರುವುದು ಇದರಿಂದಲೇ.

ನಾಡಿಗೊಂದು ಅಳತೆ

ಡಾರ್ಜಿಲಿಂಗ್‌ನಲ್ಲಿ ಎಲೆಯ ಗಾತ್ರದಷ್ಟೇ ಕೊಯ್ಲಿನ ಕಾಲವೂ ಮುಖ್ಯ. ಮಾರ್ಚ್ ಸುಮಾರಿಗೆ ಬರುವ ಮೊದಲ ಚಿಗುರಿನ ಚಹಾ ತಿಳಿಯಾಗಿ ಹೂವಿನಂತೆ ಘಮಿಸಿದರೆ, ಮೇ-ಜೂನ್‌ನ ಎರಡನೇ ಚಿಗುರಿನದು ಹೆಚ್ಚು ಗಾಢ. ಮಳೆಗಾಲದ್ದಕ್ಕೆ ಅಷ್ಟು ಬೆಲೆಯಿಲ್ಲ. ಅಸ್ಸಾಮಿನಲ್ಲಿ ಬಹುಪಾಲು ಚಹಾ ಸಿ.ಟಿ.ಸಿ. ಯಂತ್ರದಲ್ಲಿ ತಯಾರಾಗುತ್ತದೆ. 1930ರ ದಶಕದಲ್ಲಿ ಅಲ್ಲಿಯೇ ಬಳಕೆಗೆ ಬಂದ ಈ ವಿಧಾನದಲ್ಲಿ ಎಲೆಯನ್ನು ಜಜ್ಜಿ, ಹರಿದು, ಸುರುಳಿ ಮಾಡಿ ಕಾಳಿನಂತಾಗಿಸುತ್ತಾರೆ. ಕೀನ್ಯಾದಲ್ಲೂ ಇದೇ ರೂಢಿ.

ಶ್ರೀಲಂಕಾದಲ್ಲಿ ತೋಟದ ಎತ್ತರವನ್ನೂ ಲೆಕ್ಕಕ್ಕೆ ಹಿಡಿಯುತ್ತಾರೆ. ಸುಮಾರು 2000 ಅಡಿಗಿಂತ ಕೆಳಗಿನದು ತಗ್ಗುಪ್ರದೇಶದ ಚಹಾ, 4000 ಅಡಿಗಿಂತ ಮೇಲಿನದು ಎತ್ತರದ ಚಹಾ. ನುವಾರ ಎಲಿಯದ ಎತ್ತರದ ಚಹಾ ತಿಳಿಬಣ್ಣದ್ದು, ನವಿರಾದದ್ದು. ತಗ್ಗಿನದು ಕಡುಬಣ್ಣದ್ದು, ಅರಬ್ ನಾಡುಗಳಲ್ಲಿ ಬಹಳ ಪ್ರಿಯ. ಆದ್ದರಿಂದ ಎರಡು ಊರುಗಳ ಬಿ.ಒ.ಪಿ. ಒಂದೇ ರುಚಿ ಕೊಡದಿದ್ದರೆ ಆಶ್ಚರ್ಯಪಡಬೇಕಾಗಿಲ್ಲ.

ಕೊಳ್ಳುವಾಗ ಗಮನಿಸಿ

ಹಾಲು ಹಾಕಿದ ಚಹಾಕ್ಕೆ ಸಿ.ಟಿ.ಸಿ. ಅಥವಾ ಡಸ್ಟ್ ಸಾಕು. ದುಬಾರಿ ಇಡೀ ಎಲೆಯನ್ನು ಹಾಲಿನಲ್ಲಿ ಕುದಿಸಿದರೆ ಅದರ ಪರಿಮಳವೂ ಹೋಯಿತು, ನಿಮ್ಮ ಹಣವೂ ಹೋಯಿತು. ಸುಲೈಮಾನಿಗಾದರೆ ಎಲೆ ಚಹಾ ಒಳ್ಳೆಯದು. ಕುದಿದ ನೀರಿಗೆ ಹಾಕಿ ಮೂರ್ನಾಲ್ಕು ನಿಮಿಷ ಮುಚ್ಚಿಡಿ, ಕುದಿಸಬೇಡಿ.

ಬಿಡಿಯಾಗಿ ಮಾರುವ ಅಗ್ಗದ ಪುಡಿಯ ಬಗ್ಗೆ ಎಚ್ಚರವಿರಲಿ. ಬಳಸಿ ಬಿಸಾಡಿದ ಪುಡಿಗೆ ಬಣ್ಣ ಕಟ್ಟಿ ಮಾರುವವರಿದ್ದಾರೆ. ಸೋಸುವ ಕಾಗದದ ಮೇಲೆ ಸ್ವಲ್ಪ ಪುಡಿ ಹರಡಿ ನೀರು ಚಿಮುಕಿಸಿ, ಬಳಿಕ ಕಾಗದವನ್ನು ತೊಳೆದು ಬೆಳಕಿಗೆ ಹಿಡಿದು ನೋಡಿ. ಗಾಢ ಕಲೆ ಉಳಿದಿದ್ದರೆ ಆ ಪುಡಿ ಬೇಡ. ಪುಡಿಯ ಮೇಲೆ ಆಯಸ್ಕಾಂತ ಆಡಿಸಿದರೆ ಕಬ್ಬಿಣದ ಚೂರುಗಳೂ ಸಿಕ್ಕಿಬೀಳುತ್ತವೆ.

ಅಸಲಿ ಡಾರ್ಜಿಲಿಂಗ್ ಚಹಾದ ಅಧಿಕೃತ ಮುದ್ರೆಯಲ್ಲಿರುವುದು ಚಿಗುರೆಲೆ ಹಿಡಿದ ಒಬ್ಬ ಮಹಿಳೆಯ ಚಿತ್ರ. ಅದು ಬರಿಯ ಅಲಂಕಾರವಲ್ಲ. ಎರಡು ಎಲೆ, ಒಂದು ಕುಡಿಯಂತೆ ಬೆಟ್ಟದ ಇಳಿಜಾರಿನಲ್ಲಿ ಬೆನ್ನಿಗೆ ಬುಟ್ಟಿ ಹೊತ್ತು ಚಹಾ ಕೀಳುವವರಲ್ಲಿ ಹೆಚ್ಚಿನವರು ಮಹಿಳೆಯರೇ. ಯಾವ ಜರಡಿಯೂ ಅಳೆಯದ ಗುಣವೊಂದು ಅವರ ಬೆರಳಲ್ಲಿದೆ. ಎಳೆಯ ಚಿಗುರು ಬಿಟ್ಟು ಬಲಿತ ಎಲೆ ಕಿತ್ತರೆ ಮುಂದೆ ಎಂಥ ಯಂತ್ರವೂ ಅದನ್ನು ಒಳ್ಳೆಯ ಚಹಾ ಮಾಡಲಾರದು. ನಾಳೆ ಪುಡಿ ಅಳೆಯುವಾಗ ಚಮಚ ತುಂಬಿ ಚೆಲ್ಲದಿರಲಿ.