ಮನೆಯ ಕ್ಯಾಲೆಂಡರಿನಿಂದ ಸ್ತ್ರೀವಾದಿ ಕಲೆಗೆ



ಕೊಲ್ಹಾಪುರ, ಇಚಲಕರಂಜಿ, ಗಡಹಿಂಗ್ಲಜದ ನಮ್ಮ ಕಾರ್ಯಕ್ರಮಗಳಲ್ಲಿ ನಾಟಕವೆಂದರೆ ಮಹಿಳೆಯರು ಮುಂದಿನ ಸಾಲಿನಲ್ಲಿರುತ್ತಾರೆ. ‘ಸ್ತ್ರೀವಾದಿ ಕಲೆ’ ಎಂದರೆ ಮಾತ್ರ, ಅದು ಕಲಿತವರಿಗೆ, ನಮಗಲ್ಲ ಎನ್ನುತ್ತಾರೆ. ಯಾರ ಬದುಕಿನ ಬಗ್ಗೆ ಆ ಕಲೆ ಮಾತಾಡುತ್ತದೆಯೋ ಅವರೇ ಹೊರಗುಳಿದರೆ ಹೇಗೆ?

ಬೆಂಗಳೂರಿನ ಕಲಾವಿದೆ ಎನ್. ಪುಷ್ಪಮಾಲಾ ಅವರ ಕೆಲಸದಲ್ಲಿ ಇದಕ್ಕೊಂದು ದಾರಿಯಿದೆ. ಬರೋಡಾದಲ್ಲಿ ಶಿಲ್ಪಕಲೆ ಕಲಿತ ಅವರು 1990ರ ದಶಕದಲ್ಲಿ ತಾವೇ ವೇಷ ತೊಟ್ಟು ಕ್ಯಾಮೆರಾ ಮುಂದೆ ನಿಲ್ಲತೊಡಗಿದರು. 2000ದಿಂದ 2004ರವರೆಗೆ ಛಾಯಾಗ್ರಾಹಕಿ ಕ್ಲೇರ್ ಆರ್ನಿ ಅವರೊಂದಿಗೆ ದಕ್ಷಿಣ ಭಾರತದ ಹೆಣ್ಣುಗಳ ಕುರಿತು ಒಂದು ಚಿತ್ರಮಾಲೆ ಮಾಡಿದರು. ಅದರಲ್ಲಿ ಮೊದಲೇ ಇದ್ದ ಚಿತ್ರಗಳನ್ನು ಮತ್ತೆ ಕಟ್ಟಿದ್ದಾರೆ: ರವಿವರ್ಮರ ಲಕ್ಷ್ಮಿ, ವಿಜಾಪುರದ ಹಳೆಯ ಚಿತ್ರದ ಯೋಗಿನಿ, ನೀಲಗಿರಿಯ ತೋಡ ಹೆಣ್ಣು.

ರವಿವರ್ಮರ ಲಕ್ಷ್ಮಿ ನಮಗೆ ಹೊಸಬಳಲ್ಲ. ಅವರ ಮುದ್ರಣಾಲಯ 1894ರಲ್ಲಿ ಮುಂಬಯಿಯಲ್ಲಿ ಶುರುವಾಗಿ, ಮುಂದೆ ಲೋಣಾವಳಾ ಬಳಿಯ ಮಳವಲಿಗೆ ಹೋಯಿತು. ಅಲ್ಲಿ ಅಚ್ಚಾದ ಚಿತ್ರಗಳು ದೇವರ ಕೋಣೆ ಸೇರಿದವು. ದೇವಿಯೆಂದರೆ ಇದೇ ಸೀರೆ, ಇದೇ ಬಣ್ಣ, ಇದೇ ನಿಲುವು ಎಂದು ನಮ್ಮ ಕಣ್ಣಿಗೆ ರೂಢಿಯಾಯಿತು. ಆ ಜಾಗದಲ್ಲಿ ಇಂದಿನ ಹೆಣ್ಣೊಬ್ಬಳು ನಿಂತಾಗ ಅದು ವೇಷವೆಂದು ಎದ್ದು ಕಾಣುತ್ತದೆ. ಹಾಗಾದರೆ ‘ಲಕ್ಷ್ಮಿಯಂಥ ಸೊಸೆ ಬೇಕು’ ಎನ್ನುವಾಗ ನಾವು ಯಾವ ಚಿತ್ರ ಹಿಡಿದು ಹುಡುಗಿಯನ್ನು ಅಳೆಯುತ್ತೇವೆ?

ತೋಡ ಹೆಣ್ಣಿನ ಚಿತ್ರದಲ್ಲಿ ಕಲಾವಿದೆ ಚೌಕಳಿ ಪರದೆಯ ಮುಂದೆ ನಿಂತಿದ್ದಾರೆ. ಬ್ರಿಟಿಷರ ಕಾಲದಲ್ಲಿ ಬುಡಕಟ್ಟಿನವರ ಮೈ ಅಳೆಯಲು ಹೀಗೆ ಫೋಟೋ ತೆಗೆಯುತ್ತಿದ್ದರು. ವರನ ಕಡೆಯವರಿಗೆ ಕಳಿಸಲೆಂದು ಸ್ಟುಡಿಯೋದಲ್ಲಿ ಫೋಟೋ ತೆಗೆಸಿಕೊಂಡ ಯಾವ ಹೆಣ್ಣುಮಗಳಿಗೂ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಇಂಥ ಚಿತ್ರಗಳನ್ನು ನಮ್ಮಲ್ಲಿ ತೋರಿಸುವಾಗ ನಾಲ್ಕು ಸಂಗತಿ ನೆನಪಿಡೋಣ:

1. ಮೊದಲು ಗೊತ್ತಿರುವ ಮೂಲ ಚಿತ್ರ, ಅದರ ಪಕ್ಕದಲ್ಲಿ ಹೊಸದು.
2. ಭಾಷಣಕ್ಕಿಂತ ಮುಂಚೆ ‘ಎರಡರಲ್ಲಿ ಏನು ಬೇರೆ ಕಂಡಿತು?’ ಎಂಬ ಪ್ರಶ್ನೆ. ಮೊದಲ ಮಾತು ನೋಡುವವರದಾಗಲಿ.
3. ಎರಡೇ ಸಾಲಿನ ಟಿಪ್ಪಣಿ, ಕನ್ನಡ ಮತ್ತು ಮರಾಠಿ ಎರಡರಲ್ಲೂ. ಮನೆಯಲ್ಲಿ ಕನ್ನಡ ಮಾತಾಡಿ ಶಾಲೆಯಲ್ಲಿ ಮರಾಠಿ ಓದಿದವರು ನಮ್ಮಲ್ಲಿ ಬಹಳ.
4. ಮಗ್ಗದ ಪಾಳಿ, ಮನೆಗೆಲಸ ನೋಡಿ ಸಮಯ ಗೊತ್ತುಮಾಡುವುದು. ಸಂಜೆ ಅಡುಗೆಯ ಹೊತ್ತಿಗೆ ಕರೆದರೆ ಯಾರು ಬಂದಾರು?

ಮೂರೂ ಊರಿನ ಸದಸ್ಯರು ಮುಂದಿನ ಸಭೆಗೆ ಮನೆಯಲ್ಲಿರುವ ಒಂದು ಹಳೆಯ ದೇವಿಯ ಕ್ಯಾಲೆಂಡರ್ ಅಥವಾ ಸ್ಟುಡಿಯೋ ಫೋಟೋ ತರಬೇಕಾಗಿ ವಿನಂತಿ. ನೋಡುವುದನ್ನು ಅಲ್ಲಿಂದಲೇ ಶುರು ಮಾಡೋಣ.

– ಕಾರ್ಯದರ್ಶಿ